ಡ್ರಮ್ಮಿನಲ್ಲಿ ಹಂದಿ ಮಾಂಸಕ್ಕೆ ಹೊಗೆ ಹಿಡಿಸಬೇಕು. ಹೊಗೆ ಹೊರಹೋಗದಂತೆ ಮುಚ್ಚಳಕ್ಕೆ ಯಾವ ಸೀಲ್ ಹಾಕಲಿ, ಯಾವ ಕಟ್ಟಿಗೆ ಉರಿಸಲಿ?

ಯಾವ ಸೀಲನ್ನೂ ಹಾಕಬೇಡಿ. ಹೊಗೆಯ ಒಂದೆಳೆಯೂ ಹೊರಹೋಗಬಾರದೆಂಬ ಹಟ ನನಗೂ ಇತ್ತು, ಅದಕ್ಕಾಗಿ ನಾನು 6 ಕಿಲೋ ಮಾಂಸವನ್ನೂ ಒಂದು ಹಬ್ಬದ ಊಟವನ್ನೂ ಕಳೆದುಕೊಂಡೆ.

ನಮ್ಮದು ವಿರಾಜಪೇಟೆಯ ಕಡೆ ಒಂದು ಸಣ್ಣ ಕಾಫಿ ತೋಟ. ಅಜ್ಜಿಯ ಕಾಲದಲ್ಲಿ ಉಪ್ಪು, ಅರಿಸಿನ ಸವರಿದ ಮಾಂಸದ ಪಟ್ಟಿಗಳು ಮಳೆಗಾಲಕ್ಕೆಂದು ಸೌದೆ ಒಲೆಯ ಮೇಲೆ ತೂಗುತ್ತಿದ್ದವು. ಗ್ಯಾಸ್ ಬಂದ ಮೇಲೆ ಆ ಒಲೆ ಹೋಯಿತು, ಆ ರುಚಿಯೂ ಹೋಯಿತು. ಅದನ್ನು ಮರಳಿ ಪಡೆಯುವ ಆಸೆಯಿಂದ, ಅಡುಗೆ ಎಣ್ಣೆ ತುಂಬಿ ಬಂದಿದ್ದ 200 ಲೀಟರಿನ ಕಬ್ಬಿಣದ ಡ್ರಮ್ ಒಂದನ್ನು ತಂದು ಹಿತ್ತಲಿನಲ್ಲಿ ನಿಲ್ಲಿಸಿದೆ. ತಳದ ಪಕ್ಕದಲ್ಲಿ ಮುಕ್ಕಾಲು ಇಂಚಿನ 4 ತೂತು ಕೊರೆಸಿ, ಅವುಗಳಿಗೆ ಮುಚ್ಚಿ ತೆರೆಯುವ ತಗಡಿನ ಬಿಲ್ಲೆ ಕೂರಿಸಿ, ಕೆಂಡದ ಬುಟ್ಟಿಗಿಂತ ಎರಡಡಿ ಮೇಲೆ ಜಾಲರಿ ಇಟ್ಟೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿತ್ತು. ಮುಚ್ಚಳಕ್ಕೆ ಮಾತ್ರ ಒಂದೂ ತೂತು ಕೊರೆಸಲಿಲ್ಲ. ಅಷ್ಟು ಸಾಲದೆಂಬಂತೆ, ಬಾಯ್ಲರ್ ಬಾಗಿಲಿಗೆ ಬಳಸುವ ಫೈಬರ್ ಹಗ್ಗವನ್ನು ಮೈಸೂರಿನಿಂದ ತರಿಸಿ ಮುಚ್ಚಳದ ಅಂಚಿಗೆ ಸುತ್ತಿದೆ. ಹೊಗೆ ಒಳಗೆ ಹೆಚ್ಚು ಹೊತ್ತು ನಿಂತಷ್ಟೂ ಮಾಂಸಕ್ಕೆ ಹೆಚ್ಚು ಹಿಡಿಯುತ್ತದೆ ಎಂಬುದು ನನ್ನ ಲೆಕ್ಕವಾಗಿತ್ತು.

ಮೊದಲ ಪ್ರಯೋಗಕ್ಕೆ ನಾನು ಆರಿಸಿಕೊಂಡದ್ದು ಸೆಪ್ಟೆಂಬರ್ 3ರ ಕೈಲ್‌ಪೊಳ್ದ್ ಹಬ್ಬವನ್ನು. ಮನೆ ತುಂಬ ನೆಂಟರು. ಕಡಂಬುಟ್ಟು ಬೇಯುತ್ತಿತ್ತು, ಜೊತೆಗೆ ಪಂದಿ ಕರಿ ಬೇಡ, ಈ ಸಲ ನನ್ನ ಹೊಗೆ ಮಾಂಸವೇ ಇರಲಿ ಎಂದು ಜಂಬದಿಂದ ಹೇಳಿಬಿಟ್ಟಿದ್ದೆ. ಕಟ್ಟಿಗೆಗೆ ಜೂನ್ ತಿಂಗಳ ಗಾಳಿಗೆ ಉರುಳಿದ್ದ ಸೀಬೆ ಮರವಿತ್ತು. ಅದನ್ನು ಟಾರ್ಪಾಲಿನ ಕೆಳಗೆ ಇಟ್ಟಿದ್ದೆನಾದರೂ ಕೊಡಗಿನ ಮಳೆಗಾಲದಲ್ಲಿ ಟಾರ್ಪಾಲಿನ ಕೆಳಗೆ ಏನೂ ಒಣಗುವುದಿಲ್ಲ.

ಐದು ಗಂಟೆಯ ನಂತರ ಮುಚ್ಚಳ ಎತ್ತಿದಾಗ ಕಂಡದ್ದನ್ನು ಹೇಳುತ್ತೇನೆ. ಮುಚ್ಚಳದ ಒಳಮೈ ತುಂಬ ಕಡು ಕಂದು ಬಣ್ಣದ ಹನಿಗಳು ಜೋತಾಡುತ್ತಿದ್ದವು. ಒಂದೊಂದಾಗಿ ಕಳಚಿ, ನೇರವಾಗಿ ಮಾಂಸದ ಮೇಲೆ ಬೀಳುತ್ತಿದ್ದವು. ಮಾಂಸ ಕೆಂಪಗಾಗಿರಲಿಲ್ಲ, ಪಾಲಿಶ್ ಹಾಕಿದ ಬೂಟಿನಂತೆ ಕಪ್ಪಗೆ ಮಿರುಗುತ್ತಿತ್ತು. ಬೆರಳಿಗೆ ಅಂಟಿದ್ದು ಸೋಪಿಗೂ ಬಿಡಲಿಲ್ಲ. ಒಂದು ಚೂರು ಬಾಯಿಗಿಟ್ಟರೆ ಕಹಿ, ಆಮೇಲೆ ನಾಲಗೆಯ ತುದಿ ಜುಮ್ಮೆಂದು ಮರಗಟ್ಟಿತು. ದೊಡ್ಡಪ್ಪನವರು ಒಂದು ತುತ್ತು ಅಗಿದು, ತಟ್ಟೆಯ ಅಂಚಿಗೆ ಸರಿಸಿ, “ರಸ್ತೆಗೆ ಹಾಕುವ ಡಾಂಬರನ್ನು ಊಟಕ್ಕೆ ಯಾಕಪ್ಪ ತಂದೆ?” ಎಂದರು. ನಾಯಿಯೂ ಮೂಸಿ ಹೋಯಿತು.

ಈ ಒಂದು ತಪ್ಪನ್ನು ಬಿಡಿಸಿ ಹೇಳಲೇಬೇಕು, ಏಕೆಂದರೆ ನಿಮ್ಮ ಪ್ರಶ್ನೆಯಲ್ಲಿ ಅದೇ ಕುಳಿತಿದೆ. ಬೆಂಕಿ ಉಸಿರಾಡಲು ಕೆಳಗಿನಿಂದ ಗಾಳಿ ಬರಬೇಕು. ಮೇಲಿನಿಂದ ಹೊರಹೋಗಲು ದಾರಿಯಿಲ್ಲದಿದ್ದರೆ ಕೆಳಗಿನ ತೂತುಗಳನ್ನು ಎಷ್ಟು ತೆರೆದರೂ ಗಾಳಿ ಒಳಗೆ ಬರುವುದಿಲ್ಲ. ಆಗ ಕಟ್ಟಿಗೆ ಉರಿಯುವುದಿಲ್ಲ, ಬರೀ ಕುಮುಲುತ್ತದೆ. ಹಸಿ ಕಟ್ಟಿಗೆಯ ತೂಕದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ನೀರೇ ಇರುವುದರಿಂದ, ಇದ್ದಬದ್ದ ಶಾಖವೆಲ್ಲ ಆ ನೀರನ್ನು ಆವಿಯಾಗಿಸುವುದಕ್ಕೇ ಖರ್ಚಾಗುತ್ತದೆ. ಅರೆಬರೆ ಸುಟ್ಟ ಕಟ್ಟಿಗೆಯಿಂದ ಏಳುವ ದಟ್ಟ ಬಿಳಿ ಹೊಗೆಯಲ್ಲಿ ಟಾರಿನ ಅಂಶ ತುಂಬಿರುತ್ತದೆ. ಅದು ತಣ್ಣಗಿನ ಮುಚ್ಚಳಕ್ಕೂ ಮಾಂಸಕ್ಕೂ ತಗುಲಿ ದ್ರವವಾಗಿ ಕೂರುತ್ತದೆ. ಅದನ್ನೇ ಕ್ರಿಯೋಸೋಟ್ ಎನ್ನುತ್ತಾರೆ. ಸೌದೆ ಒಲೆಯ ಚಿಮಣಿಯ ಒಳಗೆ ಕಪ್ಪಗೆ ಗಟ್ಟಿಯಾಗಿ ಕೂರುವುದೂ ಅದೇ ಪದಾರ್ಥ.

ಅಜ್ಜಿಯ ಅಡುಗೆಮನೆಯಲ್ಲಿ ಹೀಗಾಗದಿರಲು ಕಾರಣ ಅವರ ಮಸಾಲೆಯಲ್ಲ, ಮನೆಯ ಮಾಡು. ಹೆಂಚಿನ ಸಂದುಗಳಿಂದ ಹೊಗೆ ದಿನವಿಡೀ ಸೋರಿ ಹೋಗುತ್ತಿತ್ತು. ದೂರದಿಂದ ನೋಡಿದರೆ ಇಡೀ ಮಾಡೇ ಹಬೆಯಾಡುವಂತೆ ಕಾಣುತ್ತಿತ್ತು. ಮಾಂಸವನ್ನು ತಾಕಿಕೊಂಡು ಹೋದ ಹೊಗೆ ರುಚಿ ಕೊಟ್ಟಿತು, ನಾನು ಕೂಡಿಹಾಕಿದ ಹೊಗೆ ವಿಷದಂತಾಯಿತು.

ಈಗ ನನ್ನ ಮುಚ್ಚಳದಲ್ಲಿ ಅರ್ಧ ಇಂಚಿನ 8 ತೂತುಗಳಿವೆ, ಅವನ್ನು ಎಂದೂ ಮುಚ್ಚುವುದಿಲ್ಲ. ಶಾಖವನ್ನು ಕೆಳಗಿನ ಬಿಲ್ಲೆಗಳಿಂದಲೇ ಹಿಡಿತದಲ್ಲಿಟ್ಟು, 110ರಿಂದ 120 ಡಿಗ್ರಿ ಸೆಲ್ಸಿಯಸ್ ನಡುವೆ ನಿಲ್ಲಿಸುತ್ತೇನೆ. ತೂತುಗಳಿಂದ ಬರುವ ಹೊಗೆ ಕಂಡೂ ಕಾಣದಂತೆ ತೆಳು ನೀಲಿಯಾಗುವವರೆಗೆ ಮಾಂಸ ಇಡುವುದಿಲ್ಲ. ಎರಡೂವರೆ ಕಿಲೋದ ಭುಜದ ತುಂಡಿಗೆ ಏಳೆಂಟು ಗಂಟೆ ಬೇಕು. ನಡುವೆ ಮಾಂಸದೊಳಗೆ ಚುಚ್ಚಿದ ಥರ್ಮಾಮೀಟರಿನ ಮುಳ್ಳು 70 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಮೇಲೇರದೆ ನಿಲ್ಲುತ್ತದೆ. ಮಾಂಸ ಬೆವರಿ ತನ್ನನ್ನು ತಾನೇ ತಣಿಸಿಕೊಳ್ಳುವುದರಿಂದ ಹಾಗಾಗುತ್ತದೆ, ಗಾಬರಿಯಾಗಿ ಕೆಂಡ ಸುರಿಯಬೇಡಿ. ಒಳಗಿನ ಉಷ್ಣತೆ 90 ದಾಟಿದರೆ ಮಾಂಸ ಎಳೆಎಳೆಯಾಗಿ ಬಿಡುತ್ತದೆ. ಅಜ್ಜಿಯಂತೆ ತಣ್ಣನೆಯ ಹೊಗೆಯಲ್ಲಿ ದಿನಗಟ್ಟಲೆ ಒಣಗಿಸುವ ಸಾಹಸವನ್ನು ಡ್ರಮ್ಮಿನಲ್ಲಿ ಖಂಡಿತ ಮಾಡಬೇಡಿ. ಉಪ್ಪು ಸರಿಯಾಗಿ ಹಿಡಿಯದ ಮಾಂಸ ಉಗುರುಬೆಚ್ಚಗೆ, ಗಾಳಿಯಿಲ್ಲದೆ ಕುಳಿತರೆ ಬಾಟ್ಯುಲಿಸಂ ಎಂಬ ಜೀವಕ್ಕೇ ಅಪಾಯವಾಗುವ ಆಹಾರ ವಿಷಬಾಧೆ ತರುವ ಬ್ಯಾಕ್ಟೀರಿಯಾ ಬೆಳೆಯಲು ಅದೇ ಸಾಕು.

ಡ್ರಮ್ಮಿನಲ್ಲಿ ಮೊದಲು ಕೀಟನಾಶಕವೋ ರಾಸಾಯನಿಕವೋ ಇತ್ತೆಂದರೆ ಅದನ್ನು ಗುಜರಿಗೆ ಹಾಕಿ. ಒಳಗೆ ಬಣ್ಣದ ಲೇಪನವಿದ್ದರೆ ಜೋರು ಬೆಂಕಿ ಹಾಕಿ ಪೂರ್ತಿ ಸುಟ್ಟು, ಉಜ್ಜಿ ತೆಗೆಯಿರಿ. ಜಾಲರಿ ಸ್ಟೀಲಿನದೇ ಇರಲಿ. ಸತು ಲೇಪಿಸಿದ ಜಿಐ ಜಾಲರಿ ಅಗ್ಗವೆಂದು ತರಬೇಡಿ.

ಕಟ್ಟಿಗೆಯ ಬಗ್ಗೆ ಜನ ಅನಾವಶ್ಯಕವಾಗಿ ತಲೆ ಕೆಡಿಸಿಕೊಳ್ಳುತ್ತಾರೆ. ಕಾಫಿ, ಸೀಬೆ, ಮಾವು ಯಾವುದಾದರೂ ಆದೀತು. ನೀಲಗಿರಿ, ಪ್ಲೈವುಡ್, ಬಣ್ಣ ಬಳಿದ ಹಲಗೆ ಬೇಡ. ಇದ್ದಿಲಿನ ಕೆಂಡದ ಮೇಲೆ ಮುಷ್ಟಿ ಗಾತ್ರದ ನಾಲ್ಕು ತುಂಡು ಸಾಕು. ಎರಡು ತುಂಡುಗಳನ್ನು ಒಂದಕ್ಕೊಂದು ಬಡಿದು ನೋಡಿ: ಟಣ್ ಎಂದರೆ ಬುಟ್ಟಿಗೆ ಹಾಕಿ, ಡಬ್ ಎಂದರೆ ಇನ್ನೊಂದು ಬೇಸಿಗೆ ಅಟ್ಟದ ಮೇಲಿರಲಿ.