ಬಟವಾಡೆಯ ದಾರಿಗೆ ಯಾವ ಬೋರ್?

ಪ್ರಶ್ನೆ: ಮೂಡಿಗೆರೆ ಕಡೆಯ ನಮ್ಮ ಕಾಫಿ ತೋಟವನ್ನು ಯಜಮಾನರು ತೀರಿಕೊಂಡ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಬಟವಾಡೆಯ ಹಣ ತರಲು ವಾರಕ್ಕೊಮ್ಮೆ ಒಬ್ಬಳೇ ಜೀಪಿನಲ್ಲಿ ಪೇಟೆಗೆ ಹೋಗಿಬರಬೇಕು. ಆತ್ಮರಕ್ಷಣೆಗೆ ಪಿಸ್ತೂಲಿನ ಪರವಾನಗಿ ಕೇಳೋಣವೆಂದಿದ್ದೇನೆ. ಟೆಕ್ಸಾಸ್‌ನಲ್ಲಿರುವ ತಮ್ಮ, “ಅಕ್ಕಾ, 9 ಎಂ.ಎಂ. ತೆಗೆದುಕೋ, ಅದಕ್ಕಿಂತ ಚಿಕ್ಕದೆಲ್ಲ ಆಟಿಕೆ” ಎನ್ನುತ್ತಾನೆ. ನಿಮ್ಮ ಸಲಹೆ ಏನು, ಸರ್?
– ಕಾಫಿ ಬೆಳೆಗಾರ್ತಿ, ಚಿಕ್ಕಮಗಳೂರು ಜಿಲ್ಲೆ

ಉತ್ತರ: ನಿಮ್ಮ ತಮ್ಮ ತಾನಿರುವ ಊರಿಗೆ ಸರಿಯಾದುದನ್ನೇ ಹೇಳಿದ್ದಾರೆ, ತಾಯಿ. 1986ರಲ್ಲಿ ಮಯಾಮಿಯಲ್ಲಿ ದರೋಡೆಕೋರರೊಂದಿಗೆ ನಡೆದ ಗುಂಡಿನ ಕಾಳಗದಲ್ಲಿ ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಇಬ್ಬರು ಸತ್ತರು. ಅವರ ಕಡೆಯ ಒಂದು 9 ಎಂ.ಎಂ. ಗುಂಡು ಎದುರಾಳಿಯ ತೋಳನ್ನು ಹಾದು ಎದೆಗಿಳಿದರೂ ಹೃದಯ ಮುಟ್ಟುವ ಮೊದಲೇ ನಿಂತಿತ್ತು. ಆಮೇಲೆ ಆ ಸಂಸ್ಥೆ 10 ಎಂ.ಎಂ. ಹಿಡಿಯಿತು, ಹಾರಿಸಿದಾಗ ಕೈಗೆ ಬರುವ ಅದರ ಒದೆತ ಜಾಸ್ತಿಯೆಂದು .40 ಬೋರಿಗೆ ಹೋಯಿತು, ಗುಂಡುಗಳ ತಯಾರಿಕೆ ಸುಧಾರಿಸಿದ ಮೇಲೆ 9 ಎಂ.ಎಂ.ಗೇ ಮರಳಿತು. ಕೈಗೆ ಒಗ್ಗಿ, ಎರಡನೆಯ ಗುಂಡೂ ಗುರಿಗೆ ಬೀಳುವುದು ಮುಖ್ಯ ಎಂಬುದು ಅದಕ್ಕೊಂದು ಕಾರಣ.

ಆದರೆ ನಮ್ಮಲ್ಲಿ 9 ಎಂ.ಎಂ. ನಿಷೇಧಿತ ಬೋರ್ (ಬೋರ್ ಎಂದರೆ ನಳಿಗೆಯ ಒಳಅಳತೆ). ಜಿಲ್ಲಾಧಿಕಾರಿ ಅದಕ್ಕೆ ಪರವಾನಗಿ ಕೊಡುವಂತಿಲ್ಲ. ನಿಮಗೆ ಸಿಗುವುದು .32. ಶಕ್ತಿಯಲ್ಲಿ ಅದು 9 ಎಂ.ಎಂ.ನ ಸುಮಾರು ಮೂರನೇ ಒಂದು ಪಾಲು. ಆಟಿಕೆಯಂತೂ ಖಂಡಿತ ಅಲ್ಲ; ಜೀಪಿನ ಬಾಗಿಲಿಗೆ ಬಂದು ನಿಂತವನಿಗೆ ಅದು ಪ್ರಾಣಾಂತಿಕವೇ. ಆನೆಯ ಮುಂದೆ ಮಾತ್ರ ಅದನ್ನು ನಂಬಿ ನಿಲ್ಲಬೇಡಿ.

ಇಲ್ಲೊಂದು ಎಚ್ಚರ ಬೇಕು. .32 ಎಂದು ಮಾರುವ ತೋಟಾಗಳಲ್ಲಿ ಎರಡು ಬಗೆ. ಪಿಸ್ತೂಲಿನದು ಗಿಡ್ಡ, ತುದಿಯ ಗುಂಡಿಗೆ ಲೋಹದ ಹೊದಿಕೆ, ಬುಡದ ಅಂಚು ಉಗುರಿಗೆ ಸಿಕ್ಕೂ ಸಿಗದಷ್ಟು ಸಣ್ಣದು. ರಿವಾಲ್ವರಿನದು ಉದ್ದ, ಸಾಮಾನ್ಯವಾಗಿ ಬರಿಯ ಸೀಸದ ಗುಂಡು, ಬುಡದಲ್ಲಿ ಎದ್ದು ಕಾಣುವ ಅಂಚು. ಒಂದರದ್ದನ್ನು ಇನ್ನೊಂದಕ್ಕೆ ಹಾಕಬಾರದು. ಅಂಗಡಿಯಲ್ಲೇ ಪೆಟ್ಟಿಗೆ ತೆರೆದು ನೋಡಿಕೊಳ್ಳಿ.

ಪೊಲೀಸ್ ಶಸ್ತ್ರಾಗಾರದಲ್ಲಿ ಆಯುಷ್ಯ ಕಳೆದವನಾಗಿ ನಾನು ನಿಮಗೆ ಹೇಳುವುದು ರಿವಾಲ್ವರನ್ನೇ. ಪಿಸ್ತೂಲಿನಲ್ಲಿ ತೋಟಾ ಸಿಕ್ಕಿಕೊಂಡರೆ ಮೇಲ್ಭಾಗವನ್ನು ಹಿಂದಕ್ಕೆಳೆದು ಬಿಡಿಸಬೇಕು. ಕೈ ನಡುಗುವಾಗ ಅದು ಅಭ್ಯಾಸವಿದ್ದವರಿಗೂ ಕಷ್ಟ. ರಿವಾಲ್ವರಿನಲ್ಲಿ ಒಂದು ತೋಟಾ ಸಿಡಿಯದಿದ್ದರೆ ಟ್ರಿಗರ್ ಮತ್ತೆ ಎಳೆದರಾಯಿತು, ಮುಂದಿನದು ತಾನೇ ಬರುತ್ತದೆ. ಆರೇ ಗುಂಡು ನಿಜ, ಟ್ರಿಗರ್ ಬಿಗಿ ಎಂಬುದೂ ನಿಜ. ಕಾನ್ಪುರದ ಕಾರ್ಖಾನೆ 2014ರಲ್ಲಿ ‘ನಿರ್ಭೀಕ್’ ಎಂಬ ಅರ್ಧ ಕಿಲೋ ತೂಕದ .32 ರಿವಾಲ್ವರನ್ನು ಹೆಂಗಸರಿಗೆಂದೇ ಹೊರತಂದಿತು. ಕೈಚೀಲಕ್ಕೆ ಹಗುರ, ಆದರೆ ಹಗುರವಾದಷ್ಟೂ ಒದೆತ ಹೆಚ್ಚು. ತರಬೇತಿಯ ಪ್ರಮಾಣಪತ್ರ ಹೇಗೂ ಬೇಕಲ್ಲ, ಆಗಲೇ ಎರಡು ತೂಕದವನ್ನೂ ಹಾರಿಸಿ ನೋಡಿ.

ರಿವಾಲ್ವರನ್ನು ಜೀಪಿನಲ್ಲಿ ಬಿಟ್ಟು ಬ್ಯಾಂಕಿನೊಳಗೆ ಹೋಗಬೇಡಿ. ಹಾಗೆಂದು ಒಳಗೆ ಒಯ್ಯಲೂ ಬಿಡುವುದಿಲ್ಲ. ಆದ್ದರಿಂದ ತೋಟದ ಲೆಕ್ಕ ನೋಡುವ ರೈಟರನ್ನೋ ನಂಬಿಗಸ್ತ ಚಾಲಕನನ್ನೋ ಜೊತೆಗಿಟ್ಟುಕೊಳ್ಳುವ ಮಾತನ್ನು ಪರವಾನಗಿಗೆ ಅರ್ಜಿ ಹಾಕುವ ಮೊದಲೇ ಯೋಚಿಸಿ. ಕೂಲಿ ನೇರ ಖಾತೆಗೆ ಹೋಗುವಂತಾದರೆ ಇನ್ನೂ ಒಳ್ಳೆಯದು. ಹಣದ ಚೀಲ ಕಿತ್ತುಕೊಂಡು ಬೆನ್ನು ತಿರುಗಿಸಿ ಓಡುವವನ ಮೇಲೆ ದಯವಿಟ್ಟು ಹಾರಿಸಬೇಡಿ, ತಾಯಿ. ಅವನಿಂದ ನಿಮ್ಮ ಜೀವಕ್ಕೆ ಆಗ ಅಪಾಯವಿಲ್ಲ, ನ್ಯಾಯಾಲಯ ಕೇಳುವುದೂ ಅದನ್ನೇ.