ಆ ಚಿತ್ರ ಇನ್ನೂ ಏಕೆ ಅಳಿಸಿಲ್ಲ?

ಮಾನ್ಯರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ತಂಗಿಯ ಮಗಳ ಮುಖವನ್ನು ಯಾರೋ ಅಶ್ಲೀಲ ಚಿತ್ರಕ್ಕೆ ಅಂಟಿಸಿ ಜಾಲತಾಣದಲ್ಲಿ ಹರಿಯಬಿಟ್ಟಿದ್ದಾರೆ. ಹುಡುಗಿ ಕಾಲೇಜು ಬಿಟ್ಟಿದ್ದಾಳೆ, ಮೊಬೈಲ್ ಸದ್ದಾದರೆ ಸಾಕು ಎದ್ದು ಅಡುಗೆಮನೆಗೆ ಹೋಗುತ್ತಾಳೆ ಎಂದಿದ್ದೀರಿ. ಕೊನೆಗೆ, ‘ಕೆಟ್ಟದ್ದನ್ನೆಲ್ಲ ಸರ್ಕಾರವೇ ಸೋಸಿ ತೆಗೆಯಬಾರದೇಕೆ?’ ಎಂದು ಕೇಳಿದ್ದೀರಿ.

ಮೊದಲು ಹುಡುಗಿಯ ವಿಷಯ. ನಿಮಗೆ ಬೇಕಾದ ನಿಯಮ ಈಗಾಗಲೇ ಇದೆ. ನಗ್ನ ಚಿತ್ರವಾಗಲಿ, ಹೀಗೆ ತಿರುಚಿದ ಚಿತ್ರವಾಗಲಿ, ದೂರು ಬಂದ 24 ಗಂಟೆಯೊಳಗೆ ಅದನ್ನು ತೆಗೆಯಲು ಕ್ರಮ ಕೈಗೊಳ್ಳಬೇಕೆಂದು 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಜಾಲತಾಣ ಕಂಪನಿಗಳಿಗೆ ವಿಧಿಸಿದವು; 2026ರಲ್ಲಿ ಆ ಗಡುವನ್ನು ಎರಡು ಗಂಟೆಗೆ ಇಳಿಸಲಾಯಿತು. ಇದಕ್ಕೆ ಕೋರ್ಟಿನ ಆದೇಶ ಬೇಡ. ದೂರನ್ನು ಅವಳೇ ಕೊಡಬೇಕೆಂದೂ ಇಲ್ಲ. ಅವಳ ಪರವಾಗಿ ನೀವು ಕೊಡಬಹುದು. ಈ ಮಾತನ್ನು ಠಾಣೆಯಲ್ಲಿ ಯಾರೂ ನಿಮಗೆ ಹೇಳಲಿಲ್ಲ ಎಂಬುದೇ ನನಗೆ ಹೆಚ್ಚು ಸಂಕಟ ತಂದಿತು.

ನಾನು ಒಪ್ಪಲಾರದ್ದು ನಿಮ್ಮ ‘ಕೆಟ್ಟದ್ದು’ ಎಂಬ ಪದವನ್ನು. ಅಂಥದೇ ಸಡಿಲ ಪದಗಳ ಕಾನೂನೊಂದು ನಮ್ಮಲ್ಲಿತ್ತು: ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಂ. ‘ಕಿರಿಕಿರಿ’ ಉಂಟುಮಾಡುವುದೂ ಅದರಡಿ ಅಪರಾಧವಾಗಬಹುದಿತ್ತು. 2012ರಲ್ಲಿ ಮುಂಬೈ ಬಂದ್ ಅನ್ನು ಪ್ರಶ್ನಿಸಿ ಫೇಸ್‌ಬುಕ್‌ನಲ್ಲಿ ಬರೆದ ಪಾಲ್ಘರ್‌ನ ಯುವತಿಯೂ ಅದಕ್ಕೆ ಲೈಕ್ ಒತ್ತಿದ ಗೆಳತಿಯೂ ಬಂಧನಕ್ಕೊಳಗಾದರು. 2015ರಲ್ಲಿ ಸುಪ್ರೀಂ ಕೋರ್ಟ್ ಆ ಕಲಮನ್ನು ರದ್ದುಮಾಡಿತು. ಬಂಧನಕ್ಕೊಳಗಾದ ಆ ಇಬ್ಬರೂ ನಿಮ್ಮ ತಂಗಿಯ ಮಗಳಂಥ ಹುಡುಗಿಯರೇ.

ಹಾಗೆಂದು ಕಂಪನಿಗಳನ್ನು ಅವುಗಳ ಪಾಡಿಗೆ ಬಿಡಿ ಎನ್ನುತ್ತಿಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ನೆನಪಿದೆಯೇ? ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಮಕ್ಕಳ ಕಳ್ಳರೆಂದು ಬಗೆದರು. ಅವರು ಕಾರಿನಲ್ಲಿ ಹೊರಟರೂ ವದಂತಿ ವಾಟ್ಸ್‌ಆ್ಯಪ್‌ನಲ್ಲಿ ಆ ಕಾರಿಗಿಂತ ಮುಂದೆ ಓಡಿತು. ಜನ ಅಡ್ಡಗಟ್ಟಿ ಹೊಡೆದರು, ಹೈದರಾಬಾದಿನ ಎಂಜಿನಿಯರ್ ಒಬ್ಬರು ಸತ್ತರು. ಸರ್ಕಾರ ಎಚ್ಚರಿಸಿದ ಮೇಲೆ ಅದೇ ತಿಂಗಳು ವಾಟ್ಸ್‌ಆ್ಯಪ್, ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿಯನ್ನು ಭಾರತದಲ್ಲಿ ತರುವುದಾಗಿ ಹೇಳಿತು. ಯಾರ ಬಾಯಿಯನ್ನೂ ಮುಚ್ಚದೆ ವೇಗವನ್ನಷ್ಟೇ ತಗ್ಗಿಸುವ ಇಂಥ ಕ್ರಮಕ್ಕೆ ಹೆಣ ಬೀಳುವವರೆಗೆ ಕಾಯಬೇಕಿತ್ತೇ? ಸರ್ಕಾರದ ಕೈ ಬಿಗಿಯಾಗಬೇಕಾದದ್ದು ಇಲ್ಲಿ.

ಈಗ ಕೆಲಸಕ್ಕೆ ಬನ್ನಿ. ಆ ಪುಟದ ಲಿಂಕನ್ನು ಬರೆದಿಟ್ಟುಕೊಳ್ಳಿ. ಕಂಪನಿಯ ಕುಂದುಕೊರತೆ ಅಧಿಕಾರಿಗೆ ಇಂದೇ ದೂರು ಕೊಟ್ಟು, ಗಂಟೆಯನ್ನೂ ಗುರುತು ಹಾಕಿಕೊಳ್ಳಿ. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲೂ ದಾಖಲಿಸಿ; ಹೆಂಗಸರು, ಮಕ್ಕಳ ಕುರಿತ ಇಂಥ ದೂರನ್ನು ಹೆಸರು ಹೇಳದೆಯೂ ಕೊಡಬಹುದು. ಕಂಪನಿಯ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಕೇಂದ್ರದ ಮೇಲ್ಮನವಿ ಸಮಿತಿಗೆ ಹೋಗಬಹುದು. ಅಷ್ಟರಲ್ಲಿ ಹುಡುಗಿ ಕಾಲೇಜಿಗೆ ಹೊರಟಳೇ, ನನಗೆ ಬರೆದು ತಿಳಿಸಿ.

– ಸಂಪಾದಕ