ಎಂಎಸ್ ಎಲ್‌ಒಆರ್‌ಗೆ ಎಚ್‌ಒಡಿ ಬೇಕಾ, ಲ್ಯಾಬ್ ಮೇಡಂ ಸಾಕಾ?

ನಿಮ್ಮ ಪ್ರಶ್ನೆ ಇಷ್ಟು: ಇಂಜಿನಿಯರಿಂಗ್ ಏಳನೇ ಸೆಮಿಸ್ಟರ್‌ನಲ್ಲಿದ್ದೀರಿ, ಅಮೆರಿಕದಲ್ಲಿ ಎಂಎಸ್‌ಗೆ, ಅಂದರೆ ಸ್ನಾತಕೋತ್ತರ ಪದವಿಗೆ, ಅರ್ಜಿ ಹಾಕುತ್ತಿದ್ದೀರಿ, ಮೂರು ಎಲ್‌ಒಆರ್ (ಶಿಫಾರಸು ಪತ್ರ) ಬೇಕು. ಪ್ರಿನ್ಸಿಪಾಲ್, ಎಚ್‌ಒಡಿ (ವಿಭಾಗದ ಮುಖ್ಯಸ್ಥರು), ಪ್ರಾಜೆಕ್ಟ್ ಗೈಡ್, ಈ ಮೂವರಿಂದ ಬರೆಸಿದರೆ ತೂಕ ಜಾಸ್ತಿ ಅಲ್ವಾ ಅಂತ ಕೇಳಿದ್ದೀರಿ. ಗೈಡ್ ಸರ್ ಜೀಮೇಲ್ ಬಿಟ್ಟು ಬೇರೇನೂ ಬಳಸುವುದಿಲ್ಲ ಅಂತಲೂ ಬರೆದಿದ್ದೀರಿ.

ಗೈಡ್ ಇರಲಿ. ಪ್ರಿನ್ಸಿಪಾಲರನ್ನು ಬಿಡಿ. ಎಚ್‌ಒಡಿ ನಿಮಗೆ ಯಾವುದಾದರೂ ಸಬ್ಜೆಕ್ಟ್ ತೆಗೆದುಕೊಂಡಿದ್ದರೆ ಯೋಚಿಸಿ, ಇಲ್ಲದಿದ್ದರೆ ಅವರೂ ಬೇಡ.

ನಾನೂ ನಿಮ್ಮ ಹಾಗೇ ಕುರ್ಚಿ ನೋಡಿಕೊಂಡು ಹೋದವನು. ನಮ್ಮದು ವಿಟಿಯು ಕಾಲೇಜು, ಎಲೆಕ್ಟ್ರಾನಿಕ್ಸ್ ಬ್ರಾಂಚ್. ಒಂದು ಮಧ್ಯಾಹ್ನ ಎಚ್‌ಒಡಿ ಚೇಂಬರ್ ಹೊರಗೆ ಮುಕ್ಕಾಲು ಗಂಟೆ ನಿಂತು ಒಳಗೆ ಹೋದೆ. ವಿಷಯ ಹೇಳಿದೆ. ಅವರು ಕನ್ನಡಕ ಏರಿಸಿಕೊಂಡು ಮೊದಲು ಕೇಳಿದ್ದು, "ನಿನ್ನ ಯುಎಸ್‌ಎನ್ ಎಷ್ಟಪ್ಪಾ?" ಹೆಸರಲ್ಲ, ಯೂನಿವರ್ಸಿಟಿ ಕೊಟ್ಟ ನಂಬರ್! ಕೊನೆಯ ಮೂರು ಅಂಕಿ ಹೇಳಿದೆ. "ಸರಿ, ನೀನೇ ಒಂದು ಡ್ರಾಫ್ಟ್ ಮಾಡ್ಕೊಂಡು ಬಾ. ಲೆಟರ್‌ಹೆಡ್ ಕೊಡಿಸ್ತೀನಿ, ಸೈನ್ ಹಾಕ್ತೀನಿ" ಅಂದರು. ಒಳ್ಳೆಯ ಮನುಷ್ಯ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಷ್ಟು ವರ್ಷದಲ್ಲಿ ನಾವಿಬ್ಬರೂ ಮಾತಾಡಿದ್ದು ಒಂದೇ ಸಲ, ಅದೂ ನನ್ನ ಅಟೆಂಡೆನ್ಸ್ ಶಾರ್ಟೇಜ್ ಬಗ್ಗೆ.

ಅವತ್ತು ರಾತ್ರಿ ಹಾಸ್ಟೆಲ್‌ನಲ್ಲಿ ಡ್ರಾಫ್ಟ್ ಬರೆಯಲು ಕೂತೆ. ಶ್ರಮಜೀವಿ, ಪ್ರಾಮಾಣಿಕ, ಶಿಸ್ತುಗಾರ, ಎಲ್ಲರ ಜೊತೆ ಹೊಂದಿಕೊಂಡು ಹೋಗುತ್ತಾನೆ. ಓದಿ ನೋಡಿದರೆ ನನಗೇ ನಗು ಬಂತು. ಹೆಸರು ಬದಲಾಯಿಸಿದರೆ ರೂಂಮೇಟ್‌ಗೂ ಅದೇ ಪತ್ರ ನಡೆಯುತ್ತಿತ್ತು. ಅವನು ಕೇಳಿಯೂ ಬಿಟ್ಟ, "ಮಗಾ, ಆ ಫೈಲ್ ನಂಗೂ ಕಳ್ಸು" ಅಂತ.

ಮರುದಿನ ಐದನೇ ಸೆಮಿಸ್ಟರ್‌ನಲ್ಲಿ ಮೈಕ್ರೋಕಂಟ್ರೋಲರ್ ಲ್ಯಾಬ್ ತೆಗೆದುಕೊಂಡಿದ್ದ ಮೇಡಂ ಹತ್ತಿರ ಹೋದೆ. ಅಸಿಸ್ಟೆಂಟ್ ಪ್ರೊಫೆಸರ್, ಪಿಎಚ್‌ಡಿ ಇನ್ನೂ ಮುಗಿದಿರಲಿಲ್ಲ. ನನ್ನನ್ನು ನೋಡಿದ ತಕ್ಷಣ, "ಏಯ್, ನೀನು ಆ ಸ್ಟೆಪ್ಪರ್ ಮೋಟರ್ ಹುಡುಗ ಅಲ್ವಾ?" ಅಂದರು. ನಡೆದದ್ದು ಏನಂದರೆ, 8051 ಮೈಕ್ರೋಕಂಟ್ರೋಲರ್ ಕಿಟ್‌ಗೆ ಸಿಕ್ಕಿಸಿದ ಮೋಟರ್ ತಿರುಗುವ ಬದಲು ನಿಂತಲ್ಲೇ ನಡುಗುತ್ತಿತ್ತು. ಕೋಡ್ ಸರಿಯಿತ್ತು. ಬೇರೆ ಬ್ಯಾಚಿನವರು ಸುಮ್ನೆ ಪಕ್ಕದ ಕಿಟ್ ತೆಗೆದುಕೊಂಡು ಔಟ್‌ಪುಟ್ ತೋರಿಸಿ ಹೋದರು. ನಾನು ಮಲ್ಟಿಮೀಟರ್ ಹಿಡಿದು ಊಟ ಬಿಟ್ಟು ಕೂತೆ. ಕಡೆಗೆ ನೋಡಿದರೆ ಕನೆಕ್ಟರ್‌ನಲ್ಲಿ ಎರಡು ತಂತಿ ಅದಲುಬದಲಾಗಿದ್ದವು. ಸರಿಮಾಡಿ, ಹೇಗೆ ಆಗಿತ್ತು ಅಂತ ಒಂದು ಚೀಟಿ ಬರೆದು ಕಿಟ್‌ಗೆ ಅಂಟಿಸಿದ್ದೆ. ನನಗೇ ಮರೆತಿತ್ತು. ಮೇಡಂಗೆ ಚೀಟಿಯಲ್ಲಿದ್ದ ನನ್ನ ಕಾಗೆಕಾಲಿನ ಅಕ್ಷರ ಕೂಡ ನೆನಪಿತ್ತು. ಎಚ್‌ಒಡಿ ಸರ್ ಹತ್ತಿರ ಮತ್ತೆ ಹೋಗಲಿಲ್ಲ. ಅವರೂ ಕೇಳಲಿಲ್ಲ.

ಅಮೆರಿಕದ ಯೂನಿವರ್ಸಿಟಿಯಲ್ಲಿ ಕೂತು ಪತ್ರ ಓದುವವರಿಗೆ ನಿಮ್ಮ ಪ್ರಿನ್ಸಿಪಾಲರೂ ಅಪರಿಚಿತರು, ಲ್ಯಾಬ್ ಮೇಡಂ ಕೂಡ ಅಪರಿಚಿತರು. ನಿಮ್ಮ ಮಾರ್ಕ್ಸ್ ಹೇಗೂ ಟ್ರಾನ್ಸ್‌ಕ್ರಿಪ್ಟ್‌ನಲ್ಲಿದೆ, ಅದನ್ನೇ ಪತ್ರದಲ್ಲಿ ಮತ್ತೆ ಬರೆದರೆ ಜಾಗ ದಂಡ. ಪತ್ರದ ಜೊತೆ ಎಷ್ಟೋ ಕಡೆ ಒಂದು ಫಾರ್ಮ್ ಕೂಡ ಇರುತ್ತದೆ. ಈ ಹುಡುಗ ಎಷ್ಟು ಕಾಲದಿಂದ ಗೊತ್ತು, ಯಾವ ರೀತಿ ಗೊತ್ತು, ನೀವು ಪಾಠ ಮಾಡಿದವರಲ್ಲಿ ಇವನು ಮೊದಲ 5% ಒಳಗೋ 10% ಒಳಗೋ ಅಂತೆಲ್ಲ ಕೇಳುತ್ತಾರೆ. ಯುಎಸ್‌ಎನ್ ಕೇಳುವವರು ಅದನ್ನು ಏನಂತ ತುಂಬಬೇಕು?

ಡ್ರಾಫ್ಟ್ ವಿಷಯ. ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ಮೂರೂ ಪತ್ರ ಒಬ್ಬನೇ ಬರೆದರೆ ಮೂರೂ ಒಂದೇ ಧಾಟಿಯಲ್ಲಿರುತ್ತವೆ, ಓದುವವರಿಗೆ ತಿಳಿಯದೆ ಇರುತ್ತಾ? ಕನ್ಸಲ್ಟೆನ್ಸಿಯವರು ಕೊಡುವ ರೆಡಿಮೇಡ್ ಪತ್ರ ಇನ್ನೂ ಕೆಟ್ಟದ್ದು. ಸರ್ ಡ್ರಾಫ್ಟ್ ಕೇಳಿದರೆ ಪತ್ರ ಬರೆದುಕೊಡಬೇಡಿ. "ಸರ್, ನಾನು ಮಾಡಿದ ಕೆಲಸದ ಪಾಯಿಂಟ್ಸ್ ಒಂದು ಪೇಜ್‌ನಲ್ಲಿ ಕೊಡ್ತೀನಿ, ನೀವೇ ಬರೆದ್ರೆ ಚೆನ್ನಾಗಿರುತ್ತೆ" ಅನ್ನಿ. ಯಾವ ಲ್ಯಾಬ್, ಯಾವ ಪ್ರಾಜೆಕ್ಟ್, ಎಲ್ಲಿ ಎಡವಿದಿರಿ, ಹೇಗೆ ಸರಿಮಾಡಿದಿರಿ, ಇಷ್ಟು ಸಾಕು. ಆಗಲೂ ಬೇಸರಿಸಿಕೊಂಡರೆ ಬೇರೆಯವರನ್ನು ನೋಡಿ.

ಕೇಳುವಾಗ "ಎಲ್‌ಒಆರ್ ಕೊಡ್ತೀರಾ" ಅನ್ನಬೇಡಿ, ಯಾರೂ ಇಲ್ಲ ಅನ್ನುವುದಿಲ್ಲ. "ನನ್ನ ಬಗ್ಗೆ ಬರೆಯುವಷ್ಟು ನಿಮಗೆ ಗೊತ್ತು ಅನ್ಸುತ್ತಾ ಮೇಡಂ?" ಅಂತ ಕೇಳಿ. ತಡವರಿಸಿದರೆ ಥ್ಯಾಂಕ್ಸ್ ಹೇಳಿ ಎದ್ದು ಬನ್ನಿ. ಮೂರನೆಯವರು ಇಂಟರ್ನ್‌ಶಿಪ್‌ನಲ್ಲಿ ನಿಮ್ಮ ಕೆಲಸವನ್ನು ದಿನಾ ನೋಡಿದ ಮ್ಯಾನೇಜರ್ ಆದರೂ ಆಗುತ್ತದೆ. ಮಾವನ ಕಂಪನಿ ಸರ್ಟಿಫಿಕೇಟ್ ಬೇಡ.

ಅರ್ಜಿಯಲ್ಲಿ ಪತ್ರ ನೋಡುವ ಹಕ್ಕು ಬಿಟ್ಟುಕೊಡುತ್ತೀರಾ ಅಂತ ಒಂದು ಪ್ರಶ್ನೆ ಬರುತ್ತದೆ. 1974ರ ಫೆರ್ಪಾ ಅನ್ನುವ ಅಮೆರಿಕದ ಕಾಯ್ದೆ ಅಲ್ಲಿ ಸೇರಿದ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕು ಕೊಟ್ಟಿದೆ, ಅದಕ್ಕೇ ಕೇಳುತ್ತಾರೆ. ಬಿಟ್ಟುಕೊಡುತ್ತೇನೆ ಅಂತ ಟಿಕ್ ಮಾಡಿ. ಹಾಗೆ ಮಾಡಿದರೆ ಮೇಷ್ಟ್ರು ಮನಸ್ಸು ಬಿಚ್ಚಿ ಬರೆದಿದ್ದಾರೆ ಅಂತ ಓದುವವರು ನಂಬುತ್ತಾರೆ.

ಎಂಟು ಯೂನಿವರ್ಸಿಟಿ ಅಂದರೆ ಪತ್ರ ಅಪ್‌ಲೋಡ್ ಮಾಡಲು ಒಬ್ಬೊಬ್ಬರಿಗೂ ಮೇಲ್‌ನಲ್ಲಿ ಎಂಟೆಂಟು ಲಿಂಕ್ ಹೋಗುತ್ತದೆ. ಪತ್ರ ಒಂದೇ ಆದರೂ ಫಾರ್ಮ್ ಬೇರೆ ಬೇರೆ. ಸುಮಾರು ಕಡೆ ಕೊನೇ ದಿನ ಡಿಸೆಂಬರ್ 15ರ ಆಸುಪಾಸು, ನಮ್ಮಲ್ಲಿ ಆಗ ಇಂಟರ್ನಲ್ಸ್, ಲ್ಯಾಬ್ ಎಕ್ಸಾಮ್ ಅಂತ ಮೇಷ್ಟ್ರುಗಳಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ. ಹಾಗಾಗಿ ಅಕ್ಟೋಬರ್‌ನಲ್ಲೇ ಕೇಳಿ. ಯೂನಿವರ್ಸಿಟಿ ಹೆಸರು, ಕೊನೇ ದಿನ ಬರೆದ ಒಂದು ಹಾಳೆ ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ಲಿಂಕ್ ಹೋದ ದಿನ ಸ್ಟಾಫ್‌ರೂಮ್‌ಗೆ ಹೋಗಿ, ಸ್ಪ್ಯಾಮ್ ಫೋಲ್ಡರ್ ನೋಡಲು ಹೇಳಿ. ಮೇಡಂಗೆ ಹೋದ ನನ್ನ ಎರಡು ಲಿಂಕ್ ಅಲ್ಲೇ ಬಿದ್ದಿದ್ದವು.

ಇನ್ನು ನಿಮ್ಮ ಗೈಡ್ ಸರ್ ಜೀಮೇಲ್. ಎಷ್ಟೋ ಕಡೆ ಕಾಲೇಜಿನ ಮೇಲ್ ಐಡಿಯನ್ನೇ ಕೇಳುತ್ತಾರೆ, ಜೀಮೇಲ್ ಕೊಟ್ಟರೆ ಅನುಮಾನ ಪಡುತ್ತಾರೆ. ಸರ್‌ಗೆ ಕಾಲೇಜ್ ಐಡಿ ಇದ್ದೇ ಇರಬಹುದು, ಪಾಸ್‌ವರ್ಡ್ ಮರೆತಿರುತ್ತಾರೆ ಅಷ್ಟೇ. ಸಿಸ್ಟಮ್ ಅಡ್ಮಿನ್ ಹತ್ತಿರ ಇವತ್ತೇ ಹೋಗಿ ರೀಸೆಟ್ ಮಾಡಿಸಿ. ನಮ್ಮ ಕಾಲೇಜಿನಲ್ಲಿ ಅಷ್ಟಕ್ಕೇ ಹನ್ನೊಂದು ದಿನ ಹಿಡಿದಿತ್ತು.